ಎರೆಮಣ್ಣಿನ ಮೇಲೆ ರಸ್ತೆ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದದ ಹಾದಿ ಹಿಡಿದು ವಿಜಯಪುರದ ಕಡೆಗೆ ಹೊರಟರೆ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಕಪ್ಪು ಹೊಲ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಏಪ್ರಿಲ್ ಹೊತ್ತಿಗೆ ಅಂಗೈ ತೂರುವಷ್ಟು ಬಿರುಕು ಬಿಟ್ಟ ಬರಿ ನೆಲ. ದಿನ್ನೆ ದಿಬ್ಬ ಇಲ್ಲದ ಈ ಸೀಮೆಯ ಒಳರಸ್ತೆಗಳಲ್ಲಿ ಬಸ್ಸು ಮಾತ್ರ ಏರುತ್ತ ಇಳಿಯುತ್ತ ಸಾಗುತ್ತದೆ. ಡಾಂಬರು ಬಿದ್ದು ಒಂದೆರಡು ಮಳೆಗಾಲ ಕಳೆಯಿತೆಂದರೆ ರಸ್ತೆಯ ಮೈ ಅಲ್ಲಲ್ಲಿ ಉಬ್ಬುತ್ತದೆ, ಅಲ್ಲಲ್ಲಿ ಕುಸಿಯುತ್ತದೆ. ಅಂಚಿನಿಂದ ಮೊಳದಷ್ಟು ಒಳಗೆ ಉದ್ದುದ್ದಕ್ಕೆ ಸೀಳು ಬರುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ, ಆಮೇಲೆ ಗುಂಡಿ. ಊರವರು ಗುತ್ತಿಗೆದಾರನನ್ನು ಬೈಯುತ್ತಾರೆ. ಬೈಗುಳಕ್ಕೆ ಕಾರಣ ಇರುವುದೂ ಉಂಟು. ಆದರೆ ಡಾಂಬರು, ಜಲ್ಲಿ ಎರಡೂ ಲೆಕ್ಕಕ್ಕೆ ಸರಿಯಾಗಿ ಬಿದ್ದ ರಸ್ತೆಯೂ ಇಲ್ಲಿ ಹೀಗೇ ಕೆಡುತ್ತದೆ. ಕೇಡು ಹುಟ್ಟುವುದು ಅವೆರಡರ ಕೆಳಗೆ, ರಸ್ತೆ ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳದ ಮಣ್ಣಿನಲ್ಲಿ.

ಎಂಜಿನಿಯರುಗಳು ಅದನ್ನು ಸಬ್‌ಗ್ರೇಡ್ ಎನ್ನುತ್ತಾರೆ. ಜಲ್ಲಿಯ ಪದರಗಳ ಕೆಳಗೆ ಹದ ಮಾಡಿ, ರೋಲರ್ ಓಡಿಸಿ ಗಟ್ಟಿಗೊಳಿಸಿದ ಸುಮಾರು ಅರ್ಧ ಮೀಟರ್ ದಪ್ಪದ ತಳಮಣ್ಣು ಅದು. ಮೇಲೆ ಹಾದುಹೋಗುವ ಪ್ರತಿಯೊಂದು ಚಕ್ರದ ಭಾರ ಕಡೆಗೆ ಬಂದು ಕೂರುವುದು ಅದರ ಮೇಲೆಯೇ. ತುಂಬಿದ ಲಾರಿಯ ಟೈರು ಡಾಂಬರನ್ನು ಒತ್ತುವ ಜಾಗದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಐದಾರು ಕೆ.ಜಿ. ಒತ್ತಡ ಇರುತ್ತದೆ. ಒದ್ದೆ ಎರೆಮಣ್ಣಿಗೆ ಅದರ ಸಣ್ಣದೊಂದು ಪಾಲನ್ನು ತಡೆಯುವ ಶಕ್ತಿಯೂ ಇಲ್ಲ. ಹಾಗಾಗಿ ನಡುವೆ ಜಲ್ಲಿ ಹಾಸಿ ಭಾರವನ್ನು ಅಗಲಕ್ಕೆ ಹರಡಬೇಕು. ತಳಮಣ್ಣು ದುರ್ಬಲವಾದಷ್ಟೂ ಜಲ್ಲಿ ದಪ್ಪವಾಗಬೇಕು, ಜಲ್ಲಿ ದಪ್ಪವಾದಷ್ಟೂ ಖರ್ಚು ಏರುತ್ತದೆ.

ಮಣ್ಣಿನ ಬಲವನ್ನು ಅಳೆಯಲು ಜಗತ್ತು ಹೆಚ್ಚಾಗಿ ಬಳಸುವ ವಿಧಾನ 1920ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ರೂಪುಗೊಂಡಿತು. ಅಲ್ಲಿನ ಎಂಜಿನಿಯರ್ ಓ. ಜೆ. ಪೋರ್ಟರ್ ಅದನ್ನು ಬೆಳೆಸಿದರು. ಅದರ ಹೆಸರು ಕ್ಯಾಲಿಫೋರ್ನಿಯಾ ಬೇರಿಂಗ್ ರೇಶಿಯೊ. ನಮ್ಮ ಕಚೇರಿಗಳಲ್ಲಿ ಸಿಬಿಆರ್ ಎಂದರೆ ಸಾಕು. 15 ಸೆಂ.ಮೀ. ಅಗಲದ ಕಬ್ಬಿಣದ ಅಚ್ಚಿನಲ್ಲಿ ಮಣ್ಣು ತುಂಬಿ ಗುದ್ದಿ, ನಾಲ್ಕು ದಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. ಆಮೇಲೆ 5 ಸೆಂ.ಮೀ. ಅಗಲದ ಉಕ್ಕಿನ ದಿಂಡನ್ನು ಅದರೊಳಗೆ ನಿಧಾನಕ್ಕೆ ಇಳಿಸುತ್ತಾರೆ. ಒಳ್ಳೆಯ ಜಲ್ಲಿಯಲ್ಲಿ ಈ ದಿಂಡು ಎರಡೂವರೆ ಮಿಲಿಮೀಟರ್ ಇಳಿಯಲು 1,370 ಕೆ.ಜಿ. ಭಾರ ಬೇಕು. ಅದನ್ನು ನೂರು ಎಂದಿಟ್ಟುಕೊಂಡರೆ, ನಿಮ್ಮ ಮಣ್ಣಿನಲ್ಲಿ ಅಷ್ಟೇ ಇಳಿಸಲು ಬೇಕಾದ ಭಾರದ ಶೇಕಡಾವಾರು ಲೆಕ್ಕವೇ ಸಿಬಿಆರ್. ನೆನೆದ ಎರೆಮಣ್ಣಿನ ಸಿಬಿಆರ್ ಸಾಮಾನ್ಯವಾಗಿ 2ರ ಆಸುಪಾಸು. ಅಂದರೆ 27 ಕೆ.ಜಿ. ಭಾರಕ್ಕೇ ದಿಂಡು ಒಳಗಿಳಿದುಬಿಡುತ್ತದೆ. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಗುದ್ದಲಿಯೇ ಎಗರುವ ಅದೇ ಮಣ್ಣು ಇದು. ಪರೀಕ್ಷೆಗೆ ಮೊದಲು ನಾಲ್ಕು ದಿನ ನೆನೆಸುವ ನಿಯಮ ಎಷ್ಟು ಮುಖ್ಯ ಎಂಬುದು ಇದರಿಂದಲೇ ತಿಳಿಯುತ್ತದೆ. ಒಣ ಮಣ್ಣಿನ ಸಿಬಿಆರ್ ನಂಬಿ ಎರೆಸೀಮೆಯಲ್ಲಿ ರಸ್ತೆ ಕಟ್ಟುವುದು ಹಣ ಹಾಳುಮಾಡುವ ಖಚಿತ ದಾರಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 37 ಎಂಬ ಮಾರ್ಗಸೂಚಿ ನಮ್ಮ ಡಾಂಬರು ರಸ್ತೆಗಳ ವಿನ್ಯಾಸಕ್ಕೆ ಆಧಾರ. ಅದರ 2001ರ ಆವೃತ್ತಿಯಲ್ಲಿ ಒಂದು ಸರಳ ಕೋಷ್ಟಕ ಇತ್ತು. 8 ಟನ್ನಿನಷ್ಟು ಭಾರ ಹೊತ್ತ ಅಚ್ಚುಗಳು ಒಂದು ಕೋಟಿ ಸಲ ಹಾದುಹೋಗುವ ರಸ್ತೆಯೆಂದು ಇಟ್ಟುಕೊಳ್ಳಿ. ಸಿಬಿಆರ್ 2 ಇದ್ದರೆ ಸಬ್‌ಗ್ರೇಡಿನ ಮೇಲೆ ಒಟ್ಟು 850 ಮಿ.ಮೀ. ದಪ್ಪ ಬೇಕು. 5 ಇದ್ದರೆ 660 ಮಿ.ಮೀ. 8ಕ್ಕೆ ಏರಿದರೆ 550 ಸಾಕು. ಇಂದಿನ 2018ರ ಆವೃತ್ತಿ ಇನ್ನೂ ಬಿಗಿ: ದಿನಕ್ಕೆ 450ಕ್ಕಿಂತ ಹೆಚ್ಚು ವಾಣಿಜ್ಯ ವಾಹನ ಓಡುವ ರಸ್ತೆಗೆ ಸಬ್‌ಗ್ರೇಡಿನ ಸಿಬಿಆರ್ 5ಕ್ಕಿಂತ ಕಡಿಮೆ ಇರುವಂತೆಯೇ ಇಲ್ಲ. ಎರೆಮಣ್ಣನ್ನು ಇದ್ದ ಹಾಗೆ ಬಿಟ್ಟು ದೊಡ್ಡ ರಸ್ತೆ ಕಟ್ಟುವ ಬಾಗಿಲು ಮುಚ್ಚಿದೆ.

ಈ ಮಣ್ಣು ಯಾಕೆ ಹೀಗೆ? ಉತ್ತರ ಕಣ್ಣಿಗೆ ಕಾಣದಷ್ಟು ಸಣ್ಣ ಮಟ್ಟದಲ್ಲಿದೆ. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳ. ಸಿಲಿಕಾದ ಎರಡು ಹಾಳೆಗಳ ನಡುವೆ ಅಲ್ಯೂಮಿನಾದ ಒಂದು ಹಾಳೆ ಸೇರಿ ಒಂದು ಪದರ. ಅದರ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಕಟಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಈ ಪದರಗಳು ಕೂತಿರುತ್ತವೆ, ಒಂದಕ್ಕೊಂದು ಅಂಟು ಬಲು ಕಡಿಮೆ. ಪ್ರತಿ ಪದರದ ಮೇಲೂ ಋಣ ವಿದ್ಯುದಂಶ ಇದೆ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ಪದರಗಳ ಸಂದಿನಲ್ಲಿ ನೆಲೆಸಿವೆ. ಈ ಅಯಾನುಗಳು ನೀರನ್ನು ಎಳೆದುಕೊಳ್ಳುತ್ತವೆ. ನೀರು ನುಗ್ಗಿದಾಗ ಪದರಗಳು ದೂರ ಸರಿದು ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಮತ್ತೆ ಕೂಡಿಕೊಂಡು ನೆಲ ಬಿರಿಯುತ್ತದೆ. ಒಂದು ಗ್ರಾಂ ಮಾಂಟ್‌ಮೊರಿಲೊನೈಟ್‌ನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 800 ಚದರ ಮೀಟರಿನಷ್ಟು ಮೇಲ್ಮೈ ಸಿಗುತ್ತದೆ. ಕಯೊಲಿನೈಟ್ ಎಂಬ ಇನ್ನೊಂದು ಜೇಡಿ ಖನಿಜದಲ್ಲಿ ಅದು ಹತ್ತಿಪ್ಪತ್ತು ಚದರ ಮೀಟರ್ ಅಷ್ಟೇ.

ಇದನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಾದರೂ ಕಣ್ಣಾರೆ ನೋಡಬಹುದು. ನೂರು ಮಿಲಿಲೀಟರಿನ ಎರಡು ಗಾಜಿನ ಅಳತೆ ಜಾಡಿ ತೆಗೆದುಕೊಳ್ಳಿ. ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದ ಎರೆಮಣ್ಣನ್ನು ಎರಡಕ್ಕೂ ಹತ್ತು ಹತ್ತು ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿಗುಳ್ಳೆ ಹೋಗುವಂತೆ ಕಲಕಿ, ಒಂದು ದಿನ ಅಲುಗಿಸದೆ ಬಿಡಿ. ಸೀಮೆಎಣ್ಣೆಯ ಅಣುಗಳಿಗೆ ಜೇಡಿಯ ವಿದ್ಯುದಂಶದ ಗೊಡವೆ ಇಲ್ಲ, ಆದ್ದರಿಂದ ಅಲ್ಲಿ ಮಣ್ಣು ಹತ್ತು ಹನ್ನೊಂದರ ಗೆರೆಯ ಬಳಿ ತಣ್ಣಗೆ ಕೂತಿರುತ್ತದೆ. ನೀರಿನ ಜಾಡಿಯಲ್ಲಿ ಅದೇ ಹತ್ತು ಗ್ರಾಂ ಮಣ್ಣು ಇಪ್ಪತ್ತರ ಗೆರೆ ದಾಟಿ ಮೆತ್ತಗೆ ಊದಿಕೊಂಡಿರುತ್ತದೆ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆಯಲ್ಲಿನ ಗಾತ್ರಕ್ಕೆ ಹೋಲಿಸಿ ಶೇಕಡಾವಾರಿನಲ್ಲಿ ಹೇಳಿದರೆ ಅದು ಉಬ್ಬುವ ಸೂಚ್ಯಂಕ. ಇದು 50 ದಾಟಿದ ಮಣ್ಣನ್ನು ರಸ್ತೆಯ ತುಂಬುಮಣ್ಣಾಗಿ ಬಳಸಬಾರದೆಂದು ಕೇಂದ್ರ ಸಾರಿಗೆ ಸಚಿವಾಲಯದ ನಿಯಮ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೇಡಿಮಣ್ಣುಗಳ ಅಧ್ಯಯನಕ್ಕೆ ಹೆಸರಾದ ಎ. ಶ್ರೀಧರನ್ ಅವರು ಕೆ. ಪ್ರಕಾಶ್ ಅವರ ಜೊತೆಗೂಡಿ ಇನ್ನೂ ಸರಳವಾದ ಅಳತೆ ಸೂಚಿಸಿದರು: ನೀರಿನಲ್ಲಿನ ಗಾತ್ರವನ್ನು ಸೀಮೆಎಣ್ಣೆಯಲ್ಲಿನ ಗಾತ್ರದಿಂದ ಭಾಗಿಸಿ. ಉತ್ತರ ಒಂದೂವರೆಯನ್ನು ಮೀರಿದರೆ ಆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್‌ನದೇ ಕಾರುಬಾರು. ಎರಡು ಗಾಜಿನ ಜಾಡಿ, ಒಂದು ದಿನದ ತಾಳ್ಮೆ. ಕೋಟಿಗಟ್ಟಲೆ ಹಣ ಸುರಿಯುವ ಮುನ್ನ ಇಷ್ಟು ಮಾಡದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ರಸ್ತೆ ಎಲ್ಲ ಕಡೆ ಒಂದೇ ಸಮ ಉಬ್ಬಿದರೆ ಅಷ್ಟು ತೊಂದರೆ ಇರುತ್ತಿರಲಿಲ್ಲ. ಡಾಂಬರು ಮುಚ್ಚಿದ ನಡುಭಾಗದ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ. ಅಂಚಿನ ಮಣ್ಣು ಮಳೆಗೆ ನೆನೆಯುತ್ತದೆ, ಬಿಸಿಲಿಗೆ ಒಣಗುತ್ತದೆ, ಪಕ್ಕದ ಜಾಲಿ, ಬೇವಿನ ಬೇರು ಅದರ ತೇವ ಹೀರುತ್ತದೆ. ನಡುಭಾಗ ನಿಂತಲ್ಲೇ ನಿಂತು ಅಂಚು ಮಾತ್ರ ಏರಿಳಿದಾಗ ಎರಡರ ಗಡಿಯಲ್ಲಿ ಡಾಂಬರು ಸೀಳುತ್ತದೆ. ಉದ್ದುದ್ದ ಬಿರುಕು ಅಂಚಿನ ಹತ್ತಿರವೇ ಏಕೆ ಎಂಬುದಕ್ಕೆ ಕಾರಣ ಇದು.

ಇದಕ್ಕೆ ಎರೆಸೀಮೆಯ ಹಳೆಯ ಪರಿಹಾರ ಗರಸು. ಎರೆಮಣ್ಣು ತೆಗೆದುಹಾಕಿ, ಇಲ್ಲವೇ ಅದರ ಮೇಲೆಯೇ, ಗುಡ್ಡದಿಂದ ತಂದ ಗರಸು ತುಂಬುವುದು. ಇದಕ್ಕೆ ವೈಜ್ಞಾನಿಕ ತಳಹದಿಯೂ ಇದೆ. ಐಐಟಿ ಬಾಂಬೆಯ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿ ಅವರು, ಉಬ್ಬುವ ಮಣ್ಣಿನ ಮೇಲೆ ಅಂಟುಗುಣ ಇದ್ದೂ ಉಬ್ಬದ ಮಣ್ಣಿನ ಪದರವನ್ನು ಸುಮಾರು ಒಂದು ಮೀಟರ್ ದಪ್ಪ ಹಾಸಿದರೆ ಕೆಳಗಿನ ಉಬ್ಬರ ಅಡಗುತ್ತದೆ ಎಂದು ತೋರಿಸಿದರು. ಮಲಪ್ರಭಾ ಕಾಲುವೆಗಳ ಕೆಲಸದಲ್ಲಿ ಆ ವಿಧಾನ ಬಳಕೆಗೆ ಬಂತು. ಕಾಲುವೆಗೆ ಅದು ಹೊಂದಿತು. ನೂರಾರು ಕಿಲೋಮೀಟರ್ ರಸ್ತೆಗೆ ಒಂದೊಂದು ಮೀಟರ್ ಗರಸು ಎಂದರೆ ಗುಡ್ಡಗಳೇ ಕರಗಬೇಕು. ಎರೆಸೀಮೆಯಲ್ಲಿ ಗುಡ್ಡ ಇರುವುದೇ ಅಪರೂಪ. ಇದ್ದ ಕಡೆ ಅದರ ಮೇಲೆ ಕುರಿ ಮೇಯುತ್ತವೆ, ಅದರ ಬುಡದಲ್ಲಿ ಕೆರೆ ಇರುತ್ತದೆ. ಅಗೆದ ಗುಡ್ಡ ಮತ್ತೆ ಬೆಳೆಯುವುದಿಲ್ಲ.

ಇನ್ನೊಂದು ದಾರಿ ಮಣ್ಣಿನ ಗುಣವನ್ನೇ ಬದಲಿಸುವುದು. ಅದಕ್ಕೆ ಸುಣ್ಣಕ್ಕಿಂತ ಒಳ್ಳೆಯ ವಸ್ತು ಇಂದಿಗೂ ಸಿಕ್ಕಿಲ್ಲ. ಒದ್ದೆ ಎರೆಮಣ್ಣಿಗೆ ನೂರಕ್ಕೆ ಮೂರ್ನಾಲ್ಕು ಪಾಲು ಸುಣ್ಣ ಬೆರೆಸಿ ನೋಡಿ. ಕೈಗೆ ಅಂಟಿ ಎಳೆಯುತ್ತಿದ್ದ ಮಣ್ಣು ಕೆಲವೇ ಗಂಟೆಗಳಲ್ಲಿ ಉದುರುದುರಾಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಪದರಗಳ ಸಂದಿನಲ್ಲಿದ್ದ ಸೋಡಿಯಂ ಅನ್ನು ಹೊರದೂಡಿ ಆ ಜಾಗ ಹಿಡಿಯುತ್ತದೆ. ಎರಡು ವಿದ್ಯುದಂಶದ ಕ್ಯಾಲ್ಸಿಯಂ ಪದರಗಳನ್ನು ಹತ್ತಿರಕ್ಕೆ ಬಿಗಿಯುತ್ತದೆ. ಚದುರಿದ್ದ ಜೇಡಿಕಣಗಳು ಗುಂಪುಗೂಡಿ ಹರಳಾಗುತ್ತವೆ. ಇದು ಮೊದಲ ಹಂತ, ಬೇಗ ಆಗುವಂಥದ್ದು. ಎರಡನೆಯದು ನಿಧಾನ. ಸುಣ್ಣ ಸಾಕಷ್ಟಿದ್ದರೆ ಮಣ್ಣಿನ ಪಿಎಚ್ 12.4ಕ್ಕೆ ಏರುತ್ತದೆ. ಅಷ್ಟು ಕ್ಷಾರದಲ್ಲಿ ಜೇಡಿಯ ಸಿಲಿಕಾ, ಅಲ್ಯೂಮಿನಾ ಕರಗತೊಡಗಿ ಸುಣ್ಣದ ಜೊತೆ ಕೂಡಿ ಸಿಮೆಂಟಿನಂಥದೇ ಅಂಟುವಸ್ತುವಾಗುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಈ ಕ್ರಿಯೆ ನಡೆದು ಮಣ್ಣು ಗಟ್ಟಿಯಾಗುತ್ತ ಹೋಗುತ್ತದೆ. ಎಷ್ಟು ಸುಣ್ಣ ಬೇಕೆಂದು ತಿಳಿಯಲು ಈಡ್ಸ್ ಮತ್ತು ಗ್ರಿಮ್ ಎಂಬ ಅಮೆರಿಕದ ವಿಜ್ಞಾನಿಗಳು 1966ರಲ್ಲಿ ಕೊಟ್ಟ ಉಪಾಯ ಇಂದಿಗೂ ನಡೆಯುತ್ತಿದೆ. ಸಾಲಾಗಿ ಕೆಲವು ಸೀಸೆಗಳಲ್ಲಿ ಅದೇ ಮಣ್ಣು, ಅಷ್ಟೇ ನೀರು, ಸುಣ್ಣ ಮಾತ್ರ ನೂರಕ್ಕೆ ಎರಡು, ಮೂರು, ನಾಲ್ಕು ಹೀಗೆ ಏರಿಸುತ್ತ ಹಾಕಿ ಒಂದು ಗಂಟೆ ಬಿಟ್ಟು ಪಿಎಚ್ ನೋಡುವುದು. 12.4 ಮುಟ್ಟಿದ ಮೊದಲ ಸೀಸೆಯಲ್ಲಿರುವಷ್ಟು ಸುಣ್ಣ ಆ ಮಣ್ಣಿಗೆ ಕನಿಷ್ಠ ಬೇಕು.

ಸುಣ್ಣ ಸಿಲಿಕಾವನ್ನು ಕೂಡಿ ಗಟ್ಟಿಯಾಗುವ ಈ ವಿದ್ಯೆ ನಮಗೆ ಹೊಸದಲ್ಲ. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟನ್ನು ಸುರ್ಕಿ ಗಾರೆಯಲ್ಲಿ ಕಟ್ಟಿದರು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಜೇಡಿಮಣ್ಣನ್ನು ಸುಟ್ಟಾಗ ಅದರ ಸಿಲಿಕಾ, ಅಲ್ಯೂಮಿನಾಗಳ ಹರಳಿನ ಜೋಡಣೆ ಕಳಚಿ ಸುಣ್ಣದ ಜೊತೆ ಸುಲಭವಾಗಿ ಕೂಡುವ ಸ್ಥಿತಿಗೆ ಬರುತ್ತವೆ. ಇಟಲಿಯ ಪೊಟ್ಸುವೋಲಿಯ ಜ್ವಾಲಾಮುಖಿ ಬೂದಿಯನ್ನು ರೋಮನ್ನರು ಇದೇ ಗುಣಕ್ಕಾಗಿ ಸುಣ್ಣಕ್ಕೆ ಬೆರೆಸುತ್ತಿದ್ದರು. ಇಂಥ ಬೂದಿ ಇವತ್ತು ನಮ್ಮಲ್ಲಿ ಗುಡ್ಡಗಟ್ಟಲೆ ಇದೆ. ಅದನ್ನು ಕಸ ಎಂದು ಕರೆಯುತ್ತಿದ್ದೇವೆ.

ಉಷ್ಣವಿದ್ಯುತ್ ಸ್ಥಾವರದ ಕುಲುಮೆಯಲ್ಲಿ ಪುಡಿ ಕಲ್ಲಿದ್ದಲು ಉರಿದಾಗ ಅದರೊಳಗಿನ ಮಣ್ಣಿನಂಶ ಕರಗಿ, ಹೊಗೆಯೊಂದಿಗೆ ಹಾರುತ್ತಲೇ ತಣಿದು ಸೂಕ್ಷ್ಮ ಗಾಜಿನ ಗೋಲಿಗಳಾಗುತ್ತದೆ. ಇದು ಹಾರುಬೂದಿ. ಭಾರತದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೂದಿಯೇ. ದೇಶದಲ್ಲಿ ವರ್ಷಕ್ಕೆ 25 ಕೋಟಿ ಟನ್ನಿಗೂ ಮೀರಿ ಇದು ಹುಟ್ಟುತ್ತದೆ. ಕರ್ನಾಟಕದ ಭೂಪಟ ತೆರೆದು ನೋಡಿ. ರಾಯಚೂರಿನ ಬಳಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್, ಬಳ್ಳಾರಿಯ ಕುಡತಿನಿಯಲ್ಲಿ 1,700, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400, ರಾಯಚೂರಿನದೇ ಯರಮರಸಿನಲ್ಲಿ 1,600. ಕರಾವಳಿಯ ಉಡುಪಿಯದನ್ನು ಬಿಟ್ಟರೆ ನಮ್ಮ ದೊಡ್ಡ ಕಲ್ಲಿದ್ದಲು ಸ್ಥಾವರಗಳೆಲ್ಲ ಎರೆಸೀಮೆಯಲ್ಲಿ ಅಥವಾ ಅದರ ಅಂಚಿನಲ್ಲಿವೆ. ಸುಣ್ಣಕಲ್ಲು ಬಾಗಲಕೋಟೆ, ಕಲಬುರಗಿ ಜಿಲ್ಲೆಗಳಲ್ಲಿ ಬೇಕಾದಷ್ಟಿದೆ. ತೊಂದರೆ ಕೊಡುವ ಮಣ್ಣು, ಬೂದಿ, ಸುಣ್ಣ ಮೂರೂ ಒಂದೇ ಸೀಮೆಯಲ್ಲಿ ಕೂಡಿ ಬಂದಿರುವುದು ನಮಗೆ ಸಿಕ್ಕ ದೊಡ್ಡ ಅನುಕೂಲ. ಅದನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬ ಬೇಸರದಿಂದಲೇ ನಾನು ಈ ಅಧ್ಯಾಯ ಬರೆಯುತ್ತಿದ್ದೇನೆ.

ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ. ನಮ್ಮ ಹಾರುಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಬರೀ ಬೂದಿಯನ್ನು ಎರೆಮಣ್ಣಿಗೆ ಬೆರೆಸಿದರೆ ಜೇಡಿಯ ಪಾಲು ತೆಳುವಾಗಿ ಉಬ್ಬುವುದು ಒಂದಿಷ್ಟು ತಗ್ಗುತ್ತದೆ, ಅಷ್ಟೇ. ನಿಜವಾದ ಗಟ್ಟಿತನ ಬರಬೇಕಾದರೆ ಸುಣ್ಣ ಬೇಕೇ ಬೇಕು. ಅಮೆರಿಕದ ಕೆಲವು ಕಡೆ ಸಿಗುವ ಬೂದಿಯಲ್ಲಿ ಕ್ಯಾಲ್ಸಿಯಂ ತಾನಾಗಿಯೇ ಹೆಚ್ಚಿದ್ದು, ಅದು ಒಂಟಿಯಾಗಿಯೇ ಕೆಲಸ ಮಾಡುತ್ತದೆ. ಅಲ್ಲಿನ ಅಂಕಿಗಳನ್ನು ಓದಿ ಇಲ್ಲಿ ಬರೀ ಬೂದಿ ಸುರಿದವರಿಗೆ ನಿರಾಸೆ ಖಂಡಿತ.

ಈಗ ಲೆಕ್ಕಕ್ಕೆ ಬರೋಣ. ಏಳು ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆ. ತಳಮಣ್ಣಿನ ಸಿಬಿಆರ್ 2ರಿಂದ 5ಕ್ಕೆ ಏರಿದರೆ ಆಗಲೇ ಹೇಳಿದ ಕೋಷ್ಟಕದಂತೆ 190 ಮಿ.ಮೀ. ಉಳಿಯುತ್ತದೆ. ಅಂದರೆ 1,330 ಘನಮೀಟರ್ ಜಲ್ಲಿ. ಟಿಪ್ಪರಿಗೆ 10 ಘನಮೀಟರ್ ಎಂದರೂ 133 ಲೋಡು. ತೂಕದಲ್ಲಿ ಸುಮಾರು 2,900 ಟನ್. ಇದನ್ನು ಉಳಿಸಲು ನಾವು ತರಬೇಕಾದದ್ದೇನು? ಮೇಲಿನ 30 ಸೆಂ.ಮೀ. ತಳಮಣ್ಣಿಗೆ ಬೆರಕೆ ಮಾಡುತ್ತೇವೆಂದು ಹಿಡಿಯೋಣ. ಅದರ ತೂಕ 3,150 ಟನ್. ನೂರಕ್ಕೆ 3ರಂತೆ ಸುಣ್ಣ 95 ಟನ್, ನೂರಕ್ಕೆ 20ರಂತೆ ಹಾರುಬೂದಿ 630 ಟನ್. ಎರಡೂ ಸೇರಿ 725 ಟನ್. 2,900 ಟನ್ ಜಲ್ಲಿಯ ಜಾಗದಲ್ಲಿ 725 ಟನ್ ಬೆರಕೆ. ಸರಿಯಾಗಿ ನಾಲ್ಕಕ್ಕೆ ಒಂದು. ಜಲ್ಲಿ ಕ್ವಾರಿ 25 ಕಿ.ಮೀ. ದೂರದಲ್ಲಿದ್ದರೆ ಬೂದಿ, ಸುಣ್ಣಗಳನ್ನು 100 ಕಿ.ಮೀ. ದೂರದಿಂದ ತಂದರೂ ಸಾಗಣೆಯ ಹೊರೆ ಒಂದೇ. ಕ್ವಾರಿ 50 ಕಿ.ಮೀ. ಆಚೆಗಿದ್ದರೆ ಬೂದಿಯನ್ನು 200 ಕಿ.ಮೀ. ತರಬಹುದು. ಒಳ್ಳೆಯ ಕಲ್ಲು ಹತ್ತಿರದಲ್ಲಿ ಸಿಗದ ಎರೆಸೀಮೆಯ ಒಳನಾಡಿಗೆ ಈ ಲೆಕ್ಕ ಎಷ್ಟು ಹೊಂದುತ್ತದೆಂದು ಬೇರೆ ಹೇಳಬೇಕಿಲ್ಲ. ಅದೇ ಕಲ್ಲು ಕ್ವಾರಿಯ ಮಗ್ಗುಲಲ್ಲೇ ರಸ್ತೆ ಬರುವುದಾದರೆ ಈ ಸಾಹಸ ಬೇಡ, ಜಲ್ಲಿ ಹಾಕುವುದೇ ಅಗ್ಗ.

ಇದು ಕೈಲೆಕ್ಕ. ಬೆರಕೆಯಾದ ಪದರದ ಸಿಬಿಆರ್ 5ಕ್ಕಿಂತ ಬಹಳ ಹೆಚ್ಚಿರಬಹುದು, ಅದರ ಕೆಳಗಿನ ಮಣ್ಣು ಮಾತ್ರ ಹಳೆಯದೇ ಆದ್ದರಿಂದ ಎರಡನ್ನೂ ಕೂಡಿಸಿ ಬರುವ ಒಟ್ಟು ಬಲವನ್ನೇ ವಿನ್ಯಾಸಕ್ಕೆ ಹಿಡಿಯಬೇಕು. ಸುಣ್ಣವೇ ಬೆರಕೆಯಲ್ಲಿ ದುಬಾರಿ ಭಾಗ. ಅದರ ಬೆಲೆ ಒಟ್ಟು ಲೆಕ್ಕವನ್ನು ಅತ್ತಿತ್ತ ಮಾಡಬಲ್ಲದು. ಗ್ಯಾಸ್ ವೆಲ್ಡಿಂಗಿಗೆ ಅಸಿಟಿಲೀನ್ ತಯಾರಿಸುವ ಕಾರ್ಖಾನೆಗಳಲ್ಲಿ ಕಾರ್ಬೈಡಿಗೆ ನೀರು ಹಾಕಿದಾಗ ಉಳಿಯುವ ಬಿಳಿ ಕೆಸರು ಬಹುಪಾಲು ಸುಣ್ಣವೇ. ಹತ್ತಿರದಲ್ಲಿ ಸಿಕ್ಕರೆ ಅದು ಖರ್ಚನ್ನು ಮತ್ತಷ್ಟು ಇಳಿಸುತ್ತದೆ. ಬೂದಿಯ ಸಾಗಣೆಗೆ ಕಾನೂನಿನ ಬೆಂಬಲವೂ ಇದೆ. 1999ರಲ್ಲಿ ಮೊದಲು ಹೊರಟು ಹಲವು ಸಲ ತಿದ್ದುಪಡಿಯಾದ ಕೇಂದ್ರದ ಅಧಿಸೂಚನೆ, ಸ್ಥಾವರದ ಸುತ್ತ 300 ಕಿ.ಮೀ. ತ್ರಿಜ್ಯದೊಳಗಿನ ರಸ್ತೆ ಕೆಲಸಗಳಲ್ಲಿ ಬೂದಿ ಬಳಸಬೇಕೆಂದು ಹೇಳುತ್ತದೆ. ಎರೆಸೀಮೆಯ ಹೆಚ್ಚುಕಡಿಮೆ ಪೂರ್ತಿ ಈ ಸುತ್ತಿನೊಳಗೆ ಬರುತ್ತದೆ.

ಉಳಿದ ವಸ್ತುಗಳ ಕಥೆ ಒಂದೊಂದೂ ಬೇರೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳ ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣಕ್ಕೆ 300ರಿಂದ 400 ಕೆ.ಜಿ. ಕಿಟ್ಟ ಬರುತ್ತದೆ. ಅದನ್ನು ಫಕ್ಕನೆ ನೀರಿನಲ್ಲಿ ತಣಿಸಿ ನುಣ್ಣಗೆ ಬೀಸಿದರೆ ಬೂದಿಗಿಂತಲೂ ಚುರುಕಾದ ಪುಡಿ ಸಿಗುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಕೂಡ ಸಾಕಷ್ಟಿದೆ. ಆದರೆ ಸಿಮೆಂಟ್ ಕಂಪನಿಗಳು ಅದನ್ನು ಕೊಳ್ಳುತ್ತಿರುವುದರಿಂದ ಅದಕ್ಕೆ ಒಳ್ಳೆಯ ಬೆಲೆ ಬಂದಿದೆ. ಹಳ್ಳಿರಸ್ತೆಯ ತಳಮಣ್ಣಿಗೆ ಅದು ಎಟುಕುವುದು ಕಷ್ಟ. ಗಂಗಾವತಿ, ಸಿಂಧನೂರು, ಕಾರಟಗಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ ನನಗೆ ಹೆಚ್ಚು ಆಸೆ ಹುಟ್ಟಿಸುತ್ತದೆ. 100 ಕೆ.ಜಿ. ಭತ್ತದಲ್ಲಿ 20 ಕೆ.ಜಿ. ಹೊಟ್ಟು, ಅದನ್ನು ಸುಟ್ಟರೆ ನಾಲ್ಕೈದು ಕೆ.ಜಿ. ಬೂದಿ; ಆ ಬೂದಿಯಲ್ಲಿ ನೂರಕ್ಕೆ 85ರಿಂದ 90ರಷ್ಟು ಸಿಲಿಕಾ. ಇಷ್ಟು ಶುದ್ಧವಾದ ಸಿಲಿಕಾ ಬೇರಾವ ಬೆಳೆಯಲ್ಲೂ ಸಿಗುವುದು ಕಡಿಮೆ. ಗಮನಿಸಬೇಕಾದದ್ದು ಸುಡುವ ಹದ. ಬೆಂಕಿ 700 ಡಿಗ್ರಿ ಸೆಲ್ಸಿಯಸ್‌ನ ಒಳಗಿದ್ದರೆ ಸಿಲಿಕಾ ಸುಣ್ಣಕ್ಕೆ ಒಲಿಯುತ್ತದೆ. ಅದನ್ನು ಮೀರಿ ಬಹಳ ಹೊತ್ತು ಉರಿದರೆ ಹರಳುಗಟ್ಟಿ ಜಡವಾಗುತ್ತದೆ. ನೋಡಲು ಎರಡೂ ಬೂದಿಯೇ. ಹಾಗಾಗಿ ಗಿರಣಿಯಿಂದ ಗಿರಣಿಗೆ ಬೂದಿಯ ಗುಣ ಬದಲಾಗುತ್ತದೆ, ಒಂದರ ಪರೀಕ್ಷೆ ಇನ್ನೊಂದಕ್ಕೆ ಹೊಂದದು. ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ಬೂದಿಗೂ ಇದೇ ಮಾತು.

ಎಲ್ಲ ಕಸವೂ ರಸ್ತೆಗೆ ಸಲ್ಲುವುದಿಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಬೆಳಗಾವಿಯಲ್ಲಿ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಲ್ಲಿ ಸೋಡಿಯಂ ಕ್ಷಾರ ತುಂಬಿದೆ. ಎರೆಮಣ್ಣಿನಿಂದ ನಾವು ಓಡಿಸಬೇಕಾದ ಅಯಾನೇ ಸೋಡಿಯಂ. ಸಂಸ್ಕರಿಸದೆ ಅದನ್ನು ಬೆರೆಸಿದರೆ ಮಣ್ಣಿನ ಉಬ್ಬುವ ಗುಣಕ್ಕೆ ನಾವೇ ನೀರೆರೆದಂತೆ. ಗಂಧಕದ ಲವಣ, ಅಂದರೆ ಸಲ್ಫೇಟ್, ಇರುವ ಮಣ್ಣಾಗಲಿ ಕಸವಾಗಲಿ ಇನ್ನೂ ಅಪಾಯ. ಅಮೆರಿಕದ ಲಾಸ್ ವೇಗಾಸ್ ನಗರದ ಸ್ಟೀವರ್ಟ್ ಅವೆನ್ಯೂ ರಸ್ತೆಯ ತಳಮಣ್ಣಿಗೆ ಸುಣ್ಣ ಬೆರೆಸಿದ್ದರು. ಒಂದೆರಡು ವರ್ಷ ಚೆನ್ನಾಗಿದ್ದ ರಸ್ತೆ ಆಮೇಲೆ ಉಬ್ಬಿ ಒಡೆಯಿತು. ಮಣ್ಣಿನಲ್ಲಿದ್ದ ಸಲ್ಫೇಟ್ ಸುಣ್ಣ, ಅಲ್ಯೂಮಿನಾಗಳ ಜೊತೆ ಕೂಡಿ ಎಟ್ರಿಂಗೈಟ್ ಎಂಬ ಹರಳು ಬೆಳೆದಿತ್ತು. ಅದು ಅಪಾರ ನೀರನ್ನು ತನ್ನೊಳಗೆ ಕಟ್ಟಿಕೊಂಡು ಹಿಗ್ಗುತ್ತದೆ. ಮಣ್ಣು ವಿಜ್ಞಾನಿ ಜೇಮ್ಸ್ ಮಿಚೆಲ್ 1986ರಲ್ಲಿ ಈ ಪ್ರಕರಣವನ್ನು ಜಗತ್ತಿನ ಎಂಜಿನಿಯರುಗಳ ಮುಂದಿಟ್ಟ ಮೇಲೆ ಸುಣ್ಣ ಬೆರೆಸುವ ಮುಂಚೆ ಸಲ್ಫೇಟ್ ಪರೀಕ್ಷೆ ಮಾಡುವುದು ರೂಢಿಯಾಯಿತು. ನಮ್ಮ ಎರೆಭೂಮಿಯಲ್ಲೂ ಅಲ್ಲಲ್ಲಿ ಜಿಪ್ಸಂ ಹರಳು ಸಿಗುವುದನ್ನು ಬಾವಿ ತೋಡುವವರು ಬಲ್ಲರು. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟೇ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಶಿವಪುಲ್ಲಯ್ಯ ಮತ್ತು ಸಂಗಡಿಗರು ಸುಣ್ಣ ಬೆರೆತ ಎರೆಮಣ್ಣಿನ ಮೇಲೆ ಸಲ್ಫೇಟಿನ ಪರಿಣಾಮವನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಅವರ ಕೆಲಸ ನಮ್ಮ ಪಕ್ಕದಲ್ಲೇ ಇದೆ, ಓದಿ ಬಳಸಿಕೊಳ್ಳಬೇಕು.

ಹಾರುಬೂದಿಯಲ್ಲಿ ಆರ್ಸೆನಿಕ್, ಕ್ರೋಮಿಯಂ ಮುಂತಾದ ಲೋಹಗಳ ಅಂಶ ಇರುತ್ತದೆ ಎಂಬ ಆತಂಕವೂ ನ್ಯಾಯವಾದದ್ದೇ. ಸುಣ್ಣದೊಂದಿಗೆ ಗಟ್ಟಿಯಾದ ಬೂದಿಯಿಂದ ಅವು ಸೋರುವುದು ಬಿಡಿ ಬೂದಿಗಿಂತ ಎಷ್ಟೋ ಕಡಿಮೆ. ಹಾಗೆಂದು ಕುಡಿಯುವ ನೀರಿನ ಬಾವಿಯ ಪಕ್ಕ, ಕೆರೆಯ ಏರಿಯ ಕೆಳಗೆ, ಮಳೆಗಾಲದಲ್ಲಿ ಅಂತರ್ಜಲ ಮೇಲೆದ್ದು ಬರುವ ತಗ್ಗಿನಲ್ಲಿ ಇದನ್ನು ಬಳಸಕೂಡದು. ಖರ್ಚು ಉಳಿಯುತ್ತದೆಂದು ನೀರನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.

ಪ್ರಯೋಗಶಾಲೆಯಲ್ಲಿ ಗೆದ್ದ ಬೆರಕೆ ರಸ್ತೆಯಲ್ಲಿ ಸೋಲುವುದು ಹೆಚ್ಚಾಗಿ ಹೆಂಟೆಯಿಂದ. ಒಣ ಎರೆಮಣ್ಣನ್ನು ಅಗೆದರೆ ತೆಂಗಿನಕಾಯಿ ಗಾತ್ರದ ಹೆಂಟೆ ಏಳುತ್ತವೆ. ಅದರ ಮೇಲೆ ಸುಣ್ಣ ಎರಚಿ ರೋಲರ್ ಓಡಿಸಿದರೆ ಹೆಂಟೆಯ ಹೊರಮೈಗೆ ಬಿಳಿ ಬಣ್ಣ ಬರುತ್ತದೆ, ಒಳಗಿನ ಜೇಡಿಗೆ ಸುದ್ದಿಯೂ ಮುಟ್ಟುವುದಿಲ್ಲ. ಸಚಿವಾಲಯದ ನಿಯಮದ ಪ್ರಕಾರ ಮಣ್ಣು ಪೂರ್ತಿ 26.5 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ನೂರಕ್ಕೆ 80 ಪಾಲು 5.6 ಮಿ.ಮೀ. ಜರಡಿಯಲ್ಲೂ ಇಳಿಯಬೇಕು. ಅಂದರೆ ಬಹುಪಾಲು ಮಣ್ಣು ಕಡಲೆಕಾಳಿನಷ್ಟು ಸಣ್ಣಗಾಗಬೇಕು. ದೊಡ್ಡ ಹೆದ್ದಾರಿಗೆ ಇದಕ್ಕಾಗಿಯೇ ಯಂತ್ರಗಳಿವೆ. ಹಳ್ಳಿರಸ್ತೆಗೆ ಟ್ರ್ಯಾಕ್ಟರಿನ ರೋಟವೇಟರ್ ಸಾಕು, ಒಂದು ಸುತ್ತಿಗೆ ಮುಗಿಸದೆ ಹೆಂಟೆ ಒಡೆಯುವವರೆಗೆ ಮತ್ತೆ ಮತ್ತೆ ಓಡಿಸಬೇಕು. ನೀರು ಅಳತೆಗಿಂತ ಕಡಿಮೆಯಾದರೆ ಮಣ್ಣು ಕೂರುವುದಿಲ್ಲ, ಹೆಚ್ಚಾದರೆ ರೋಲರಿನ ಕೆಳಗೆ ಕೆಸರಾಗಿ ಸರಿಯುತ್ತದೆ. ಸುಣ್ಣ ಬೆರೆತ ಮೇಲೆ ಮೂರು ಗಂಟೆಯೊಳಗೆ, ಸಿಮೆಂಟ್ ಬೆರೆಸಿದ್ದರೆ ಎರಡೇ ಗಂಟೆಯೊಳಗೆ ರೋಲರ್ ಕೆಲಸ ಮುಗಿಯಬೇಕು. ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಿನ ಪುಡಿಯಾಗುತ್ತದೆ. ಅದಕ್ಕೆ ಆಮೇಲೆ ಯಾವ ಶಕ್ತಿಯೂ ಇಲ್ಲ. ಕೆಲಸದ ಸ್ಥಳದಲ್ಲಿ ಬಾಯಿಬಿಟ್ಟ ಚೀಲಗಳು ವಾರಗಟ್ಟಲೆ ಬಿದ್ದಿದ್ದರೆ ಆ ಕೆಲಸದ ಮೇಲೆ ಭರವಸೆ ಇಡಬೇಡಿ. ಮುಗಿದ ಪದರವನ್ನು ಕನಿಷ್ಠ ಒಂದು ವಾರ ಒದ್ದೆಯಾಗಿಡಬೇಕು. ಕಲಬುರಗಿಯ ಬಿಸಿಲು ಈ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಅದೇ ಬಿಸಿಲು ಮಧ್ಯಾಹ್ನದೊಳಗೆ ನೀರನ್ನು ಆರಿಸಿ ಕ್ರಿಯೆಯನ್ನೇ ನಿಲ್ಲಿಸುತ್ತದೆ.

ಸುಣ್ಣದ ಪುಡಿ ಕಣ್ಣಿಗೆ ಬಿದ್ದರೆ ಸುಡುತ್ತದೆ, ಬೂದಿಯ ದೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಳಿಗೆ ಬೆನ್ನು ಮಾಡಿ ಪುಡಿ ಎರಚುವ ಕೂಲಿಯವರಿಗೆ ಕನ್ನಡಕ, ಮುಖಗವಸು, ಗ್ಲೌಸ್ ಕೊಡುವ ಖರ್ಚೂ ಅಂದಾಜುಪಟ್ಟಿಯಲ್ಲಿ ಸೇರಿರಬೇಕು.

ಬರಿದೇ ಬಲ ಹೆಚ್ಚಿಸಿದರೆ ಎರೆಸೀಮೆಯ ರಸ್ತೆ ಉಳಿಯದು ಎಂಬುದನ್ನೂ ಸೇರಿಸುತ್ತೇನೆ. ಬದಿಯ ಗಟಾರ ತೆರೆದಿರಬೇಕು, ರಸ್ತೆಯ ಅಂಚಿನ ಮಣ್ಣಿಗೂ ಬೆರಕೆ ಆಗಿರಬೇಕು, ಹೊಲದ ನೀರು ರಸ್ತೆಯ ಬುಡದಲ್ಲಿ ನಿಲ್ಲಬಾರದು. ಬೆರಕೆ ಮಾಡಿದ ಪದರದ ಕೆಳಗೂ ಎರೆಮಣ್ಣು ಇದ್ದೇ ಇದೆ, ಅದು ನೀರಿಗೆ ಕಾದಿರುತ್ತದೆ.

ನಿಮ್ಮೂರಿಗೆ ರಸ್ತೆ ಮಂಜೂರಾದಾಗ ಡಾಂಬರಿನ ದಪ್ಪ ಕೇಳುವ ಮೊದಲು ಮಣ್ಣಿನ ವರದಿ ಕೇಳಿ. ಸಿಬಿಆರ್ ಎಷ್ಟು, ನಾಲ್ಕು ದಿನ ನೆನೆಸಿ ತೆಗೆದ ಅಂಕಿಯೇ, ಉಬ್ಬುವ ಸೂಚ್ಯಂಕ ಎಷ್ಟು, ಸಲ್ಫೇಟ್ ನೋಡಿದ್ದಾರೆಯೇ, ಜಲ್ಲಿ ಎಷ್ಟು ದೂರದಿಂದ ಬರುತ್ತದೆ, ಹತ್ತಿರದ ಬೂದಿ ಎಲ್ಲಿದೆ. ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿದರೆ ವರದಿಯ ಪ್ರತಿ ಕೈಗೆ ಬರುತ್ತದೆ.